ಕೃತಕ ಕಾಲು ಬಳಸುವವರ ಸೊಂಟ ನೋವು: ಯಾವ ವ್ಯಾಯಾಮ, ಯಾವ ಕ್ರಮದಲ್ಲಿ, ಎಷ್ಟು

ಕಾಲು ತೆಗೆಸಿಕೊಂಡು ವರ್ಷಗಳಾದವರನ್ನು ಕೇಳಿ ನೋಡಿ, ಸ್ಟಂಪಿನ (ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ) ನೋವಿಗಿಂತ ಸೊಂಟದ ನೋವೇ ದಿನದ ಕೆಲಸಕ್ಕೆ ಅಡ್ಡ ಬರುತ್ತಿದೆ ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಈ ಬಗ್ಗೆ ನಡೆದ ಹೆಚ್ಚಿನ ಸಮೀಕ್ಷೆಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಜನ ಸೊಂಟ ನೋವಿದೆ ಎಂದಿದ್ದಾರೆ. ಮಂಡಿಯ ಮೇಲ್ಭಾಗದಲ್ಲಿ ಕಾಲು ತೆಗೆದವರಲ್ಲಿ ಇದು ಇನ್ನೂ ಹೆಚ್ಚು. ಆದರೂ ಇವರ ಕೈಗೆ ಸಿಗುವುದು ಎಲ್ಲರಿಗೂ ಕೊಡುವ ಅದೇ ಚೀಟಿ: ಎರಡೂ ಪಾದ ಊರಿ ಸೊಂಟ ಎತ್ತಿ, ಎರಡೂ ಮಂಡಿ ಎದೆಗೆ ಎಳೆದುಕೊಳ್ಳಿ, ಬೆಲ್ಟ್ ಕಟ್ಟಿಕೊಳ್ಳಿ. ಒಂದು ಪಾದವೇ ಇಲ್ಲದವರು ಎರಡೂ ಪಾದ ಊರುವುದು ಹೇಗೆಂದು ಆ ಚೀಟಿಯಲ್ಲಿ ಇರುವುದಿಲ್ಲ.

ಈ ಲೇಖನ ಮುಖ್ಯವಾಗಿ ಒಂದು ಕಾಲನ್ನು ಮಂಡಿಯ ಮೇಲೆ ಅಥವಾ ಕೆಳಗೆ ಕಳೆದುಕೊಂಡು, ಗಾಯ ಪೂರ್ತಿ ಮಾಗಿ, ಕೃತಕ ಕಾಲು ಹಾಕಿ ನಡೆಯುತ್ತಿರುವವರಿಗೆ. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಸೊಂಟ ನೋಯುತ್ತಿದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಕ್ರಮವೇ ಮುಖ್ಯ. ಮೊದಲು ಕೃತಕ ಕಾಲಿನ ಅಳತೆ ಸರಿಯಾಗಬೇಕು, ನಂತರ ತೊಡೆಸಂದಿನ ಮುಂಭಾಗ ಸಡಿಲವಾಗಬೇಕು, ಆಮೇಲೆ ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ಬರಬೇಕು, ಕೊನೆಗೆ ನಿಲ್ಲುವ, ನಡೆಯುವ ಅಭ್ಯಾಸ ತಿದ್ದಬೇಕು. ಗಿಡ್ಡವಾದ ಕಾಲಿನ ಮೇಲೆ ನಿಂತು ಎಷ್ಟೇ ವ್ಯಾಯಾಮ ಮಾಡಿದರೂ ನೋವು ಮತ್ತೆ ಮತ್ತೆ ಮರಳುತ್ತದೆ.

ಮೊದಲು ವೈದ್ಯರಿಗೆ ತೋರಿಸಬೇಕಾದವರು

ಮೂತ್ರ ಅಥವಾ ಮಲದ ಹಿಡಿತ ತಪ್ಪಿದ್ದರೆ, ತೊಡೆಗಳ ನಡುವಿನ ಜಾಗ ಜೋಮು ಹಿಡಿದಂತಿದ್ದರೆ, ಇರುವ ಕಾಲಿನ ಬಲ ಕಡಿಮೆಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಇತ್ತೀಚೆಗೆ ಬಿದ್ದ ಪೆಟ್ಟು, ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಮುಗಿಯುವ ತನಕ ವ್ಯಾಯಾಮ ಬೇಡ.

ಕಾಲು ಕಳೆದುಕೊಂಡವರಿಗೆ ಇನ್ನೊಂದು ವಿಶೇಷ ಲಕ್ಷಣವಿದೆ. ಬೆನ್ನಿನ ಡಿಸ್ಕ್ ಜಾರಿ ನರವನ್ನು ಒತ್ತಿದಾಗ ನೋವು ಕಾಲಿಗೆ ಇಳಿಯುತ್ತದಲ್ಲ, ಆ ನೋವು ಇಲ್ಲದ ಕಾಲಿನಲ್ಲೂ ಕಾಣಿಸಿಕೊಳ್ಳಬಹುದು. ಕೆಮ್ಮಿದಾಗ, ಮುಂದೆ ಬಗ್ಗಿದಾಗ, ಬಹಳ ಹೊತ್ತು ಕೂತಾಗ ಇಲ್ಲದ ಪಾದ ಉರಿದಂತೆ, ಕರೆಂಟ್ ಹೊಡೆದಂತೆ ಆಗುವುದು ಹೊಸದಾಗಿ ಶುರುವಾಗಿದ್ದರೆ ಅದನ್ನು ಹಳೆಯ ಮಾಯಾನೋವು (ಇಲ್ಲದ ಕಾಲಿನಲ್ಲಿ ಅನಿಸುವ ನೋವು) ಎಂದು ಬಿಟ್ಟುಬಿಡಬೇಡಿ. ಬೆನ್ನನ್ನೂ ಪರೀಕ್ಷಿಸಿ ಎಂದು ವೈದ್ಯರಿಗೆ ನೀವೇ ನೆನಪಿಸಿ.

ಸಕ್ಕರೆ ಕಾಯಿಲೆಯಿಂದ ಕಾಲು ಹೋದವರಿಗೆ ಹೃದಯದ ರಕ್ತನಾಳಗಳಲ್ಲೂ ತೊಂದರೆ ಇರುವ ಸಾಧ್ಯತೆ ಹೆಚ್ಚು. ಇಂಥವರು ವೈದ್ಯರ ಒಪ್ಪಿಗೆ ಪಡೆದೇ ಶುರು ಮಾಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮುಂಚೆ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಸ್ವಲ್ಪ ಹೊತ್ತು ಕಾಯಲಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ನೋವು ಸೊಂಟಕ್ಕೇ ಏಕೆ ಬರುತ್ತದೆ

ಕೂತು ಕಳೆಯುವ ಸಮಯ ಹೆಚ್ಚಾದಂತೆ ಸ್ಟಂಪ್ ಇರುವ ಕಡೆಯ ತೊಡೆಸಂದಿನ ಮುಂದಿನ ಸ್ನಾಯು ಗಿಡ್ಡವಾಗುತ್ತದೆ. ಈ ಸ್ನಾಯು ಹುಟ್ಟುವುದೇ ಕೆಳಬೆನ್ನಿನ ಮೂಳೆಗಳಿಂದ. ನಡೆಯುವಾಗ ತೊಡೆ ಹಿಂದಕ್ಕೆ ಹೋಗಬೇಕಾದ ಗಳಿಗೆಯಲ್ಲಿ ಅದು ಬಿಡುವುದಿಲ್ಲ. ತೊಡೆ ಹೋಗದಷ್ಟು ದೂರವನ್ನು ಸೊಂಟ ಬಾಗಿ ತುಂಬಿಕೊಡುತ್ತದೆ. ಪ್ರತಿ ಹೆಜ್ಜೆಗೂ ಹೀಗಾದರೆ ಸಂಜೆ ಹೊತ್ತಿಗೆ ಕೆಳಬೆನ್ನು ಹಿಡಿದುಕೊಳ್ಳದೆ ಇನ್ನೇನಾದೀತು.

ಎರಡನೆಯದು ಪೃಷ್ಠದ ಪಕ್ಕದ ಸ್ನಾಯು. ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ ಸೊಂಟದ ಎಲುಬನ್ನು ಸಮವಾಗಿ ಹಿಡಿಯುವುದು ಇದರ ಕೆಲಸ. ಇದು ಸೋತಾಗ ಮೈ ಕೃತಕ ಕಾಲಿನ ಕಡೆ ವಾಲುತ್ತದೆ. ಬೆನ್ನು ಎಡಕ್ಕೂ ಬಲಕ್ಕೂ ತೂಗಾಡುತ್ತಾ ಹೋಗುತ್ತದೆ. ಮೂರನೆಯದು ಭಾರ ಹಂಚಿಕೆ: ಕೃತಕ ಕಾಲನ್ನು ನಂಬದೆ ಇಡೀ ಮೈಯನ್ನು ಇರುವ ಕಾಲಿನ ಮೇಲೆ ಹಾಕಿ ನಿಲ್ಲುವ ಅಭ್ಯಾಸ. ಬಚ್ಚಲಿಗೆ ಹೋಗುವಾಗ ಕಾಲು ಬಿಚ್ಚಿಟ್ಟು ಕುಂಟುತ್ತಾ ನೆಗೆಯುವವರ ಬೆನ್ನಿಗೆ ಬೀಳುವ ಏಟು ಇನ್ನೂ ಬೇರೆ.

ಹಂತ 1: ಕೃತಕ ಕಾಲಿನ ಅಳತೆ ನೋಡಿಕೊಳ್ಳಿ

ಬೆಳಿಗ್ಗೆ, ಕಾಲು ಹಾಕಿ ಹತ್ತು ನಿಮಿಷ ಓಡಾಡಿದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿರಲಿ, ಎರಡೂ ಮಂಡಿ ನೇರವಾಗಿರಲಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ. ಮನೆಯವರೊಬ್ಬರು ಎದುರು ಕುಳಿತು, ನಿಮ್ಮ ಸೊಂಟದ ಎರಡೂ ಬದಿಯ ಎಲುಬಿನ ಅಂಚಿನ ಮೇಲೆ ಕೈಯಿಟ್ಟು, ಕಣ್ಣನ್ನು ಅದೇ ಎತ್ತರಕ್ಕೆ ತಂದು ನೋಡಲಿ. ಕೃತಕ ಕಾಲಿನ ಕಡೆ ತಗ್ಗಿದ್ದರೆ ಆ ಪಾದದಡಿ ತೆಳು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಇಡುತ್ತಾ ಬನ್ನಿ. ಎರಡೂ ಕೈ ಸಮವಾದಾಗ ನಿಲ್ಲಿಸಿ, ಪುಸ್ತಕಗಳ ದಪ್ಪವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ.

1 ಸೆಂಟಿಮೀಟರಿಗಿಂತ ಕಡಿಮೆ ವ್ಯತ್ಯಾಸ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ನಡೆಯುವಾಗ ಮಡಚದೆ ಲಾಕ್ ಆಗಿರುವ ಮಂಡಿ ಹಾಕಿದವರಿಗೆ, ಪಾದ ನೆಲಕ್ಕೆ ಎಡವದಿರಲೆಂದು, ಬೇಕೆಂದೇ ಅಷ್ಟು ಗಿಡ್ಡ ಇಡುವುದುಂಟು. ಅದಕ್ಕಿಂತ ಹೆಚ್ಚಿದ್ದರೆ ಕಾಲು ಮಾಡಿಕೊಟ್ಟ ಪ್ರಾಸ್ಥೆಟಿಸ್ಟ್ ಬಳಿ ಹೋಗಿ. ಚಪ್ಪಲಿಯೊಳಗೆ ನೀವೇ ರಟ್ಟು ತುಂಬಿ ನಡೆಯಬೇಡಿ.

ಪ್ರಾಸ್ಥೆಟಿಸ್ಟ್ ಬಳಿ ಹೋಗುವ ಮುಂಚೆ ಸ್ಟಂಪಿನ ಕಾಲುಚೀಲ ಪರೀಕ್ಷಿಸಿ. ಸ್ಟಂಪ್ ದಿನ ಕಳೆದಂತೆ, ಕೆಲವರಿಗೆ ಬೆಳಗಿನಿಂದ ಸಂಜೆಯೊಳಗೇ, ಸಣ್ಣಗಾಗುತ್ತದೆ. ಆಗ ಅದು ಸಾಕೆಟ್ಟಿನ (ಸ್ಟಂಪ್ ಕೂರುವ ಕೃತಕ ಕಾಲಿನ ಬಟ್ಟಲು) ಆಳಕ್ಕೆ ಇಳಿಯುತ್ತದೆ, ಕಾಲು ತಾನಾಗಿಯೇ ಗಿಡ್ಡವಾಗುತ್ತದೆ. ಇನ್ನೊಂದು ಚೀಲ ಹಾಕಿ ಮತ್ತೆ ಅಳೆದಾಗ ಸೊಂಟ ಸಮವಾದರೆ ನಿಮ್ಮ ಸಮಸ್ಯೆಗೆ ಕಾರಣ ಸಿಕ್ಕಿತು. ಬೆಳಿಗ್ಗೆ ಇಲ್ಲದ ಸೊಂಟ ನೋವು ಮಧ್ಯಾಹ್ನ ಮೂರರ ನಂತರ ಶುರುವಾಗುವವರು ಚೀಲವೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಡಲಿ.

ಇನ್ನು ಚಪ್ಪಲಿಯ ಹಿಮ್ಮಡಿ. ನಮ್ಮ ಕಡೆ ಇದನ್ನು ಯಾರೂ ವಿವರಿಸಿ ಹೇಳುವುದಿಲ್ಲ, ಆದರೆ ಹೇಳಲೇಬೇಕು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು ನಾವು. ಕೃತಕ ಪಾದವನ್ನು ಹಿಮ್ಮಡಿ ಎತ್ತರವಿರುವ ಬೂಟಿಗೆ ಹೊಂದಿಸಿದ್ದರೆ, ಅದನ್ನು ಬಿಚ್ಚಿ ಬರಿ ಪಾದದಲ್ಲಿ ನಿಂತಾಗ ಇಡೀ ಕಾಲು ಹಿಂದಕ್ಕೆ ವಾಲುತ್ತದೆ. ಮಂಡಿ ಹಿಂದಕ್ಕೆ ಒತ್ತಿದಂತಾಗಿ, ಸಮ ನೆಲದಲ್ಲೂ ಏರು ಹತ್ತಿದಂತೆ ಅನಿಸುತ್ತದೆ. ಹೊಂದಿಸಿದ್ದಕ್ಕಿಂತ ಎತ್ತರದ ಹಿಮ್ಮಡಿ ಹಾಕಿದರೆ ತದ್ವಿರುದ್ಧ: ಮೈ ಮುಂದಕ್ಕೆ ತಳ್ಳಲ್ಪಡುತ್ತದೆ, ಮಂಡಿ ಕುಸಿದಂತಾಗುತ್ತದೆ, ಸೊಂಟ ಒಳಬಾಗುತ್ತದೆ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ಬರಿಗಾಲಲ್ಲಿ ನಡೆಯಲೆಂದೇ ಆದದ್ದು. ಬೇರೆ ಪಾದಗಳಲ್ಲಿ ಬಹಳಷ್ಟು ಹಾಗಲ್ಲ. ಹಾಗಾಗಿ ಮನೆಯೊಳಗೆ ಹಾಕಲು, ಹೊರಗಿನ ಚಪ್ಪಲಿಯಷ್ಟೇ ಹಿಮ್ಮಡಿ ಎತ್ತರವಿರುವ ಬೇರೊಂದು ಜೊತೆ ಇಟ್ಟುಕೊಳ್ಳಿ. ಹೊಸ ಚಪ್ಪಲಿ ಕೊಂಡ ವಾರದಲ್ಲೇ ಸೊಂಟ ನೋವು ಹೆಚ್ಚಿದ್ದರೆ ಮೊದಲ ಅನುಮಾನ ಚಪ್ಪಲಿಯ ಮೇಲೆ.

ಹಂತ 2: ಬೋರಲು ಮಲಗುವುದು (ಮೊದಲ ದಿನದಿಂದ, ಪ್ರತಿದಿನ)

ತೊಡೆಸಂದು ಎಷ್ಟು ಬಿಗಿದಿದೆ ಎಂದು ತಿಳಿಯಲು ಗಟ್ಟಿ ಮಂಚದ ಮೇಲೆ, ಕೃತಕ ಕಾಲು ಬಿಚ್ಚಿ, ಅಂಗಾತ ಮಲಗಿ. ಇರುವ ಕಾಲಿನ ಮಂಡಿಯನ್ನು ಎರಡೂ ಕೈಯಿಂದ ಎದೆಯತ್ತ ಎಳೆದುಕೊಳ್ಳಿ. ಕೆಳಬೆನ್ನು ಹಾಸಿಗೆಗೆ ಅಂಟುವ ತನಕ ಎಳೆದರೆ ಸಾಕು. ಈಗ ಸ್ಟಂಪ್ ಇರುವ ತೊಡೆ ಹಾಸಿಗೆಯ ಮೇಲೆಯೇ ಉಳಿದರೆ ಒಳ್ಳೆಯದು. ಮೇಲೆದ್ದರೆ, ತೊಡೆಯ ತುದಿಗೂ ಹಾಸಿಗೆಗೂ ನಡುವೆ ಎಷ್ಟು ಬೆರಳು ತೂರುತ್ತವೆ ಎಂದು ನೋಡಿ ಬರೆದಿಡಿ. ಎರಡು ವಾರಕ್ಕೊಮ್ಮೆ ಇದೇ ಪರೀಕ್ಷೆ ಮಾಡಿದರೆ ಸುಧಾರಣೆ ಬೆರಳೆಣಿಕೆಯಲ್ಲೇ ಕಾಣುತ್ತದೆ.

ಬಿಗಿತಕ್ಕೆ ಮುಖ್ಯ ಔಷಧ ಬೋರಲು ಮಲಗುವುದು. ಕೃತಕ ಕಾಲು ಬಿಚ್ಚಿ, ಚಾಪೆ ಅಥವಾ ಗಟ್ಟಿ ಹಾಸಿಗೆಯ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿ. ಎರಡೂ ತೊಡೆ ಜೋಡಿಯಾಗಿರಲಿ, ಸ್ಟಂಪ್ ಹೊರಗೆ ಜಾರದಿರಲಿ. ತಲೆಯನ್ನು ಇರುವ ಕಾಲಿನ ಕಡೆಗೆ ತಿರುಗಿಸಿ. ಮೊದಲ ವಾರ 5 ನಿಮಿಷದಂತೆ ದಿನಕ್ಕೆ ಎರಡು ಬಾರಿ, ನಂತರ ಎರಡು ಮೂರು ದಿನಕ್ಕೊಮ್ಮೆ ಐದೈದು ನಿಮಿಷ ಏರಿಸುತ್ತಾ 20 ನಿಮಿಷಕ್ಕೆ ತನ್ನಿ. ಮಲಗಿದಾಗ ಸೊಂಟ ನೋವು ಹೆಚ್ಚಾದರೆ ಬಿಟ್ಟುಬಿಡುವ ಅಗತ್ಯವಿಲ್ಲ. ಬಿಗಿದ ತೊಡೆ ಕೆಳಗಿಳಿಯದೆ ಸೊಂಟ ಒಳಬಾಗುತ್ತಿದೆ ಎಂದರ್ಥ. ಹೊಟ್ಟೆಯ ಕೆಳಗೆ, ಹೊಕ್ಕುಳಿಗಿಂತ ತುಸು ಕೆಳಗೆ, ತೆಳುವಾದ ದಿಂಬು ಇಟ್ಟುಕೊಳ್ಳಿ. ವಾರ ಕಳೆದಂತೆ ಅದನ್ನು ತೆಳ್ಳಗೆ ಮಾಡುತ್ತಾ ತೆಗೆದುಬಿಡಿ. ಉಸಿರಾಟದ ಅಥವಾ ಹೃದಯದ ತೊಂದರೆಯಿಂದ ಬೋರಲು ಮಲಗಲಾಗದವರು ಮೇಲೆ ಹೇಳಿದ ಪರೀಕ್ಷೆಯ ಭಂಗಿಯಲ್ಲೇ ಸ್ಟಂಪನ್ನು ಹಾಸಿಗೆಗೆ ಒತ್ತಿ 30 ಸೆಕೆಂಡಿನಂತೆ ನಾಲ್ಕು ಬಾರಿ ಹಿಡಿಯಲಿ.

ಈ 20 ನಿಮಿಷದ ಲಾಭವನ್ನು ರಾತ್ರಿಯ ಒಂದು ಅಭ್ಯಾಸ ಕಳೆದುಹಾಕುತ್ತದೆ: ಸ್ಟಂಪಿನ ಕೆಳಗೆ ದಿಂಬು. ಹಾಯೆನಿಸುತ್ತದೆ ನಿಜ, ಆದರೆ ಎಂಟು ತಾಸು ಆ ಸ್ನಾಯು ಮಡಚಿಕೊಂಡೇ ಇರುತ್ತದೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ಮಂಡಿಯೂ ಮಡಚಿದಂತೆಯೇ ಬಿಗಿಯುತ್ತದೆ. ಆ ದಿಂಬನ್ನು ತೆಗೆದುಹಾಕಿ.

ಹಂತ 3: ಮಲಗಿ ಮಾಡುವ ಬಲದ ವ್ಯಾಯಾಮಗಳು

ಎರಡನೆಯ ಅಥವಾ ಮೂರನೆಯ ವಾರದಿಂದ, ಕೃತಕ ಕಾಲು ಬಿಚ್ಚಿಟ್ಟು, ನೆಲದ ಮೇಲೆ ಜಮಖಾನ ಹಾಸಿ ಮಾಡಬೇಕು. ಮೆತ್ತನೆಯ ಹಾಸಿಗೆ ಬೇಡ, ಒತ್ತಿದ ಬಲವೆಲ್ಲ ಅದರಲ್ಲೇ ಇಂಗಿಹೋಗುತ್ತದೆ. ನೆಲಕ್ಕೆ ಇಳಿದು ಏಳಲು ಕಷ್ಟವಿರುವವರು ಗಟ್ಟಿ ಮಂಚ ಬಳಸಲಿ. ಬೇಕಾದ ಸಾಮಾನು ಒಂದೇ: ದೊಡ್ಡ ಸ್ನಾನದ ಟವೆಲ್ಲನ್ನು ಬಿಗಿಯಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ ಮಾಡಿದ 10ರಿಂದ 15 ಸೆಂಟಿಮೀಟರ್ ದಪ್ಪದ ಸುರುಳಿ.

*ಹೊಟ್ಟೆ ಬಿಗಿ ಹಿಡಿಯುವುದು.* ಅಂಗಾತ ಮಲಗಿ, ಇರುವ ಕಾಲಿನ ಮಂಡಿ ಮಡಚಿ. ಬೆರಳ ತುದಿಗಳನ್ನು ಸೊಂಟದ ಮುಂದಿನ ಎಲುಬಿನ ಒಳಬದಿಗೆ ಇಟ್ಟುಕೊಳ್ಳಿ. ಉಸಿರು ಬಿಡುತ್ತಾ ಕಿಬ್ಬೊಟ್ಟೆಯನ್ನು ಮೆಲ್ಲನೆ ಒಳಗೆಳೆಯಿರಿ, ಬೆರಳಡಿಯಲ್ಲಿ ಸ್ನಾಯು ಸಣ್ಣಗೆ ಬಿಗಿಯುವುದು ತಿಳಿಯಬೇಕು. ಹೊಟ್ಟೆ ಉಬ್ಬಿ ಬೆರಳನ್ನು ಹೊರಗೆ ನೂಕಿದರೆ ಅಗತ್ಯಕ್ಕಿಂತ ಹೆಚ್ಚು ಬಲ ಹಾಕಿದ್ದೀರಿ. ಮಾಮೂಲಿನಂತೆ ಉಸಿರಾಡುತ್ತಲೇ 10 ಸೆಕೆಂಡ್ ಹಿಡಿದು ಬಿಡಿ. 10 ಬಾರಿ. ಮುಂದಿನ ಎಲ್ಲ ವ್ಯಾಯಾಮಗಳಲ್ಲೂ ಮೊದಲು ಇದನ್ನು ಮಾಡಿ, ನಂತರ ಕಾಲೆತ್ತಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ. ಒಂದರಿಂದ ಹತ್ತು ಜೋರಾಗಿ ಎಣಿಸುವುದೇ ಇದಕ್ಕೆ ಉಪಾಯ, ಎಣಿಸುವವರು ಉಸಿರು ಕಟ್ಟಲಾರರು.

*ಸುರುಳಿಯ ಮೇಲೆ ಸೊಂಟ ಎತ್ತುವುದು.* ಇಡೀ ಕಾರ್ಯಕ್ರಮದಲ್ಲಿ ಒಂದೇ ವ್ಯಾಯಾಮಕ್ಕೆ ಸಮಯ ಇದೆ ಎಂದರೆ ಇದನ್ನೇ ಆರಿಸಿಕೊಳ್ಳಿ. ಅಂಗಾತ ಮಲಗಿ ಟವೆಲ್ ಸುರುಳಿಯನ್ನು ಸ್ಟಂಪ್ ಇರುವ ತೊಡೆಯ ಕೆಳಗೆ ಇಡಿ. ಮಂಡಿಯ ಕೆಳಗೆ ಕಾಲು ಹೋದವರಿಗೆ ಸುರುಳಿ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಮಂಡಿಯ ಮೇಲೆ ಹೋದವರಿಗೆ ಸ್ಟಂಪಿನ ತುದಿಯಿಂದ ನಾಲ್ಕು ಬೆರಳು ಮೇಲಕ್ಕೆ. ಕತ್ತರಿಸಿದ ತುದಿಯ ಮೇಲೆ ಒತ್ತಡ ಬೀಳಬಾರದು. ಇರುವ ಕಾಲಿನ ಮಂಡಿಯನ್ನು ಕೈಯಿಂದ ಎದೆಗೆ ಹಿಡಿದುಕೊಳ್ಳಿ. ಈಗ ಹೊಟ್ಟೆ ಬಿಗಿ ಹಿಡಿದು, ತೊಡೆಯನ್ನು ಸುರುಳಿಗೆ ಒತ್ತಿ, ಪೃಷ್ಠವನ್ನು ಎರಡು ಮೂರು ಇಂಚು ಮೇಲೆತ್ತಿ. 5 ಸೆಕೆಂಡ್ ಹಿಡಿದು ನಿಧಾನಕ್ಕೆ ಇಳಿಸಿ. 8 ಬಾರಿಯ ಎರಡು ಸುತ್ತು, ನಡುವೆ ಒಂದು ನಿಮಿಷ ವಿರಾಮ. ಆಮೇಲೆ ಇರುವ ಕಾಲಿನ ಪಾದ ಊರಿ, ಸ್ಟಂಪನ್ನು ನೇರ ಚಾಚಿ, ಅದೇ ಕಾಲಿನಿಂದಲೂ ಒಂದು ಸುತ್ತು.

ಇದರಲ್ಲಿ ಆಗುವ ತಪ್ಪು ಒಂದೇ: ಪೃಷ್ಠದ ಬದಲು ಸೊಂಟದಿಂದ ಎತ್ತುವುದು. ಎತ್ತಿದಾಗ ಪೃಷ್ಠವನ್ನು ಕೈಯಿಂದ ಮುಟ್ಟಿ ನೋಡಿ, ಕಲ್ಲಿನಂತೆ ಗಟ್ಟಿಯಾಗಿರಬೇಕು. ಅದು ಮೆತ್ತಗಿದ್ದು ಕೆಳಬೆನ್ನು ಬಿಗಿದಿದ್ದರೆ ಎತ್ತರ ಕಡಿಮೆ ಮಾಡಿ. ಎದೆಗೆ ಹಿಡಿದ ಮಂಡಿಯನ್ನು ಬಿಡದಿದ್ದರೆ ಸೊಂಟ ಒಳಬಾಗಲು ಅವಕಾಶವೇ ಇರುವುದಿಲ್ಲ. ಅದಕ್ಕಾಗಿಯೇ ಅದನ್ನು ಹಿಡಿಯಲು ಹೇಳಿದ್ದು. ತೊಡೆಯ ಹಿಂಭಾಗದ ಸ್ನಾಯು ಸೆಟೆದುಕೊಂಡರೆ ಸುರುಳಿಯನ್ನು ಇನ್ನೊಂದಿಷ್ಟು ಮೇಲಕ್ಕೆ ಸರಿಸಿ.

*ಮಗ್ಗುಲಾಗಿ ಮಲಗಿ ಸ್ಟಂಪ್ ಎತ್ತುವುದು.* ಇರುವ ಕಾಲು ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿ, ಆ ಮಂಡಿ ಮಡಚಿಕೊಳ್ಳಿ. ಸ್ಟಂಪನ್ನು ಮೈಯ ಗೆರೆಗಿಂತ ತುಸು ಹಿಂದಕ್ಕಿಟ್ಟು ಒಂದು ಗೇಣು ಮೇಲೆತ್ತಿ, 3 ಸೆಕೆಂಡ್ ಹಿಡಿದು ಇಳಿಸಿ. 10 ಬಾರಿ, ಎರಡು ಸುತ್ತು. ಸ್ಟಂಪ್ ಮುಂದಕ್ಕೆ ಜಾರಿದರೆ ಕೆಲಸವನ್ನು ತೊಡೆಯ ಮುಂದಿನ ಸ್ನಾಯು ಕಸಿದುಕೊಳ್ಳುತ್ತದೆ, ಮೊದಲೇ ಬಿಗಿದಿರುವ ಸ್ನಾಯು ಅದು. ಬೆನ್ನನ್ನು ಗೋಡೆಗೆ ತಾಗಿಸಿ ಮಲಗಿ, ಸ್ಟಂಪನ್ನು ಗೋಡೆಗೆ ಸವರುತ್ತಾ ಎತ್ತಿದರೆ ಜಾರುವ ಪ್ರಶ್ನೆಯೇ ಇಲ್ಲ.

ಎರಡು ವಾರದಲ್ಲಿ ಇದು ಸುಲಭವಾದರೆ ಮಗ್ಗುಲು ಬದಲಿಸಿ: ಸ್ಟಂಪ್ ಕೆಳಗೆ, ಅದರಡಿ ಟವೆಲ್ ಸುರುಳಿ. ಸ್ಟಂಪಿನಿಂದ ಸುರುಳಿಯನ್ನು ಒತ್ತಿ ಸೊಂಟವನ್ನು ನೆಲದಿಂದ ಮೇಲೆತ್ತಬೇಕು. ಪೃಷ್ಠದ ಪಕ್ಕದ ಸ್ನಾಯುವಿಗೂ ಬೆನ್ನಿನ ಪಕ್ಕಕ್ಕೂ ಒಟ್ಟಿಗೇ ಬಲ ಬರುತ್ತದೆ. ಶುರುವಿನಲ್ಲಿ 5 ಬಾರಿ ಸಾಕು.

*ಬೋರಲು ಮಲಗಿ ತೊಡೆ ಎತ್ತುವುದು.* ಹಂತ 2ರ ಭಂಗಿಯ ಕೊನೆಯಲ್ಲೇ ಮುಗಿಸಿಬಿಡಬಹುದು. ಪೃಷ್ಠ ಬಿಗಿ ಹಿಡಿದು ಸ್ಟಂಪನ್ನು ನೆಲದಿಂದ ಎರಡು ಬೆರಳಷ್ಟು ಮಾತ್ರ ಎತ್ತಿ, 5 ಸೆಕೆಂಡ್. 10 ಬಾರಿ. ಹೆಚ್ಚು ಎತ್ತಿದರೆ ಸೊಂಟ ತಿರುಚುತ್ತದೆ.

*ಬೆನ್ನಿನ ಸ್ನಾಯುಗಳಿಗೆ.* ಮಂಡಿಯ ಕೆಳಗೆ ಕಾಲು ಹೋದವರು, ಮಂಡಿಯೂರಿದಾಗ ಸ್ಟಂಪಿಗೆ ನೋವಾಗದಿದ್ದರೆ, ದಪ್ಪ ಕಂಬಳಿಯ ಮೇಲೆ ಅಂಬೆಗಾಲಿಟ್ಟ ಭಂಗಿಯಲ್ಲಿ ಎದುರು ಬದಿಯ ಕೈ ಮತ್ತು ಕಾಲನ್ನು ನೇರ ಚಾಚಿ 5ರಿಂದ 8 ಸೆಕೆಂಡ್ ಹಿಡಿಯಲಿ, ಪ್ರತಿ ಬದಿಗೆ 6 ಬಾರಿ. ಮಂಡಿಯ ಮೇಲೆ ಹೋದವರಿಗೆ ಆ ಭಂಗಿ ಆಗದು. ಅವರು ಮಂಚದ ಅಂಚಿಗೆ ಹೊಟ್ಟೆ ಮತ್ತು ತೊಡೆಯ ಮೇಲ್ಭಾಗ ಬರುವಂತೆ ಬೋರಲಾಗಿ, ಇರುವ ಕಾಲನ್ನು ನೆಲಕ್ಕೂರಿ, ಒಂದು ಕೈ ಮತ್ತು ಸ್ಟಂಪನ್ನು ಒಟ್ಟಿಗೆ ಬೆನ್ನಿನ ಮಟ್ಟಕ್ಕೆ ಎತ್ತಲಿ. ಬೆನ್ನಿನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲದಷ್ಟು ಅಲುಗಾಡದೆ ಇರಬೇಕು.

ಬಲದ ಈ ವ್ಯಾಯಾಮಗಳು ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ಹೊಟ್ಟೆ ಬಿಗಿ ಹಿಡಿಯುವುದು ಮತ್ತು ಬೋರಲು ಮಲಗುವುದು ಮಾತ್ರ ದಿನಾ. ಮುಗಿದ ಮೇಲೆ ಕನ್ನಡಿ ಹಿಡಿದು ಸ್ಟಂಪನ್ನು ಸುತ್ತಲೂ ನೋಡಿ. ಕೆಂಪಾದ ಜಾಗ 15 ನಿಮಿಷದೊಳಗೆ ಮಾಮೂಲಿಗೆ ಬರದಿದ್ದರೆ ಸುರುಳಿ ಗಟ್ಟಿಯಾಯಿತು ಅಥವಾ ತಪ್ಪು ಜಾಗದಲ್ಲಿತ್ತು. ಸಕ್ಕರೆ ಕಾಯಿಲೆಯವರಿಗೆ ಚರ್ಮ ನೋವು ಹೇಳದಿರಬಹುದು, ಕಣ್ಣಿನಿಂದಲೇ ನೋಡಬೇಕು.

ನೋವಾದರೆ ಮುಂದುವರಿಸಬೇಕೇ, ನಿಲ್ಲಿಸಬೇಕೇ

ವ್ಯಾಯಾಮ ಬಿಡುವವರಲ್ಲಿ ಅನೇಕರು ಬಿಡುವುದು ಶುರುವಿನ ವಾರಗಳಲ್ಲೇ, ನೋವು ಹೆಚ್ಚಾಯಿತೆಂದು ಹೆದರಿ. ಸೊನ್ನೆಯಿಂದ ಹತ್ತರ ಅಂಕದಲ್ಲಿ ನೋವನ್ನು ಬರೆದಿಡಿ. ವ್ಯಾಯಾಮದ ನಂತರ ಎರಡು ಅಂಕ ಏರಿ, ಮರುದಿನ ಬೆಳಿಗ್ಗೆ ಹಳೆಯ ಮಟ್ಟಕ್ಕೆ ಬಂದರೆ ಅದು ದಣಿವಿನ ನೋವು, ಮುಂದುವರಿಸಿ. ಇಪ್ಪತ್ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಎಲ್ಲ ಸಂಖ್ಯೆಗಳನ್ನು ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಎರಡು ಸುತ್ತನ್ನೂ ಆಯಾಸವಿಲ್ಲದೆ ಮುಗಿಸುವ ದಿನ ಬಂದಾಗ ಪ್ರತಿ ಸುತ್ತಿನ ಎಣಿಕೆಗೆ ಇನ್ನೆರಡು ಸೇರಿಸಿ. ವ್ಯತ್ಯಾಸ ತಿಳಿಯಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ಒಂದು ವಾರದ ಫಲಿತಾಂಶ ನೋಡಿ ತೀರ್ಮಾನಿಸಿದರೆ ನಿಮಗೆ ನೀವೇ ಅನ್ಯಾಯ ಮಾಡಿಕೊಂಡಂತೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸೊಂಟದ ಬೆಲ್ಟ್ ಬಗ್ಗೆಯೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ, ಕ್ರಮಬದ್ಧ ವ್ಯಾಯಾಮ ಬೇಕು ಎಂದಿದೆ. ಆ ಮಾರ್ಗಸೂಚಿ ಎಲ್ಲರಿಗಾಗಿ ಬರೆದದ್ದು. ಕಾಲು ಕಳೆದುಕೊಂಡವರ ಮೇಲೆಯೇ ನಡೆದ ಪ್ರಯೋಗಗಳು ಕಡಿಮೆ. ಆದರೆ ಬೆಲ್ಟ್ ವಿಷಯದಲ್ಲಿ ಇವರಿಗೆ ಇನ್ನೊಂದು ತೊಡಕಿದೆ: ಮಂಡಿಯ ಮೇಲಿನ ಸಾಕೆಟ್ಟಿನ ಅಂಚಿಗೆ, ಅದರ ಸೊಂಟಪಟ್ಟಿಗೆ ಬೆಲ್ಟ್ ತಾಗಿ, ಕೂತಾಗ ಸಾಕೆಟ್ಟನ್ನೇ ಕೆಳಕ್ಕೆ ನೂಕುತ್ತದೆ.

ಹಂತ 4: ನಿಲ್ಲುವುದು, ನಡೆಯುವುದು

ಮಲಗಿ ಮಾಡುವ ವ್ಯಾಯಾಮ ನಾಲ್ಕೈದು ವಾರ ನಡೆದ ಮೇಲೆ ಕೃತಕ ಕಾಲು ಹಾಕಿ ನಿಲ್ಲುವ ಅಭ್ಯಾಸ. ಅಡುಗೆಕಟ್ಟೆಯಂಥ ಗಟ್ಟಿ ಆಸರೆ ಮುಂದಿರಲಿ, ಹಿಂದೆ ಕುರ್ಚಿ ಇರಲಿ.

ಮೈತೂಕ ನೋಡುವ ಯಂತ್ರ ಕೃತಕ ಪಾದದಡಿ ಇಟ್ಟು, ಇನ್ನೊಂದು ಪಾದದಡಿ ಅಷ್ಟೇ ಎತ್ತರದ ಮಣೆ ಇಡಿ. ನೇರ ಎದುರು ನೋಡುತ್ತಾ ನಿಮಗೆ ಸಮವೆನಿಸುವಂತೆ ನಿಲ್ಲಿ. ಯಂತ್ರ ಏನು ತೋರಿಸುತ್ತಿದೆ ಎಂದು ಮನೆಯವರು ಓದಲಿ. 60 ಕೆಜಿ ಇರುವವರಿಗೆ ಅದು 20 ತೋರಿಸಿದರೆ ಉಳಿದ 40 ಕೆಜಿಯನ್ನು ಒಂದೇ ಕಾಲು ಹೊರುತ್ತಿದೆ. ಮೆಲ್ಲನೆ ಸೊಂಟವನ್ನು ಪಕ್ಕಕ್ಕೆ ಸರಿಸುತ್ತಾ 27, 28ರ ತನಕ ತಂದು 10 ಸೆಕೆಂಡ್ ನಿಲ್ಲಿ. ಭುಜ ವಾಲಿಸಿ ಅಂಕಿ ಏರಿಸುವುದು ಮೋಸದ ಲೆಕ್ಕ, ಭುಜ ನೇರವಿರಬೇಕು. ದಿನಕ್ಕೆ 10 ಬಾರಿ. ಕೆಲವು ದಿನಗಳಲ್ಲಿ ಯಂತ್ರ ನೋಡದೆಯೇ ಆ ಅಂಕಿಗೆ ಹೋಗಿ ನಿಲ್ಲಲು ಬರುತ್ತದೆ. ಎಷ್ಟೇ ಪ್ರಯತ್ನಿಸಿದರೂ ಅಂಕಿ ಏರದೆ ಸಾಕೆಟ್ಟಿನೊಳಗೆ ಚುಚ್ಚಿದಂತಾದರೆ ತಪ್ಪು ನಿಮ್ಮದಲ್ಲ, ಸಾಕೆಟ್ ತಿದ್ದಿಸಬೇಕು.

ನಂತರ ನಾಲ್ಕಿಂಚು ಎತ್ತರದ ಮಣೆ ಮುಂದಿಟ್ಟುಕೊಂಡು, ಇರುವ ಕಾಲನ್ನು ನಿಧಾನಕ್ಕೆ ಅದರ ಮೇಲಿಟ್ಟು, ನಿಧಾನಕ್ಕೇ ತೆಗೆಯಿರಿ. ಆ ಎರಡು ಮೂರು ಸೆಕೆಂಡ್ ಇಡೀ ಮೈ ಕೃತಕ ಕಾಲಿನ ಮೇಲಿರುತ್ತದೆ. ಇರುವ ಕಾಲು ಧಪ್ಪನೆ ಬಿದ್ದರೆ ಪೃಷ್ಠ ಇನ್ನೂ ಹಿಡಿಯುತ್ತಿಲ್ಲ. ಸದ್ದಾಗದಂತೆ ಇಡುವುದೇ ಗುರಿ. 8 ಬಾರಿ, ಎರಡು ಸುತ್ತು. ಆಸರೆ ಎರಡು ಕೈಯಿಂದ ಒಂದು ಕೈಗೆ, ಒಂದು ಕೈಯಿಂದ ಎರಡು ಬೆರಳಿಗೆ ಇಳಿಯಲಿ.

ನಡಿಗೆಯನ್ನು ಮೊಬೈಲಿನಲ್ಲಿ ಎದುರಿನಿಂದ ಮತ್ತು ಪಕ್ಕದಿಂದ ವಿಡಿಯೊ ಮಾಡಿಸಿ ನೋಡಿ. ಮೈ ಕೃತಕ ಕಾಲಿನ ಕಡೆ ವಾಲುತ್ತಿದ್ದರೆ ಪೃಷ್ಠದ ಪಕ್ಕದ ಸ್ನಾಯು ಸೋತಿದೆ, ಅಥವಾ ಕಾಲು ಗಿಡ್ಡವಾಗಿದೆ, ಅಥವಾ ಸಾಕೆಟ್ ನೋಯುತ್ತಿದೆ. ಕೃತಕ ಕಾಲನ್ನು ಮುಂದೆ ತರುವಾಗ ಇರುವ ಕಾಲಿನ ತುದಿಬೆರಳ ಮೇಲೆ ಏಳುತ್ತಿದ್ದರೆ ಕೃತಕ ಕಾಲು ಉದ್ದವಾಗಿರಬಹುದು, ಪಟ್ಟಿ ಸಡಿಲವಾಗಿ ಕೆಳಕ್ಕೆ ಜಾರುತ್ತಿರಬಹುದು, ಇಲ್ಲವೇ ಮಂಡಿ ಮಡಚುತ್ತಿಲ್ಲ. ಒಂದು ಹೆಜ್ಜೆ ಉದ್ದ, ಇನ್ನೊಂದು ಗಿಡ್ಡ ಇದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಸಮ ಅಂತರದ ಗೆರೆ ಎಳೆದು ಅದರ ಮೇಲೆ ನಡೆಯಿರಿ. ಇರುವ ಕಾಲಿನ ಹೆಜ್ಜೆಯೇ ಸಾಮಾನ್ಯವಾಗಿ ಗಿಡ್ಡವಿರುತ್ತದೆ, ಏಕೆಂದರೆ ಆಗ ಭಾರ ಕೃತಕ ಕಾಲಿನ ಮೇಲಿರುತ್ತದೆ.

ದೂರವನ್ನು ಸಮಯದಲ್ಲಿ ಅಳೆಯಿರಿ. ನಡಿಗೆ ಕೆಡುವ ಮುಂಚೆಯೇ ನಿಲ್ಲಿಸಬೇಕು. ಏಳು ನಿಮಿಷಕ್ಕೆ ಮೈ ವಾಲತೊಡಗಿದರೆ ಐದು ನಿಮಿಷ ನಡೆದು ಎರಡು ನಿಮಿಷ ಕುಳಿತು ಮತ್ತೆ ಐದು ನಿಮಿಷ. ವಾರಕ್ಕೊಮ್ಮೆ ಒಂದು ನಿಮಿಷ ಏರಿಸಿ.

ವ್ಯಾಯಾಮದ ಹೊರಗಿನ ಇಪ್ಪತ್ಮೂರು ಗಂಟೆ

ಮಂಡಿಯ ಮೇಲಿನ ಸಾಕೆಟ್ ಹಾಕಿ ಕುಳಿತಾಗ ಅದರ ಹಿಂದಿನ ಅಂಚು ಪೃಷ್ಠದಡಿ ಸಿಕ್ಕಿ ಆ ಬದಿ ಎತ್ತರವಾಗುತ್ತದೆ. ಸೊಂಟ ಓರೆಯಾಗಿಯೇ ಗಂಟೆಗಟ್ಟಲೆ ಇರುತ್ತದೆ. ಇನ್ನೊಂದು ಬದಿಯಡಿ ಅಷ್ಟೇ ದಪ್ಪಕ್ಕೆ ಮಡಚಿದ ಟವೆಲ್ ಇಟ್ಟರೆ ಸಮವಾಗುತ್ತದೆ. ಅಂಗಡಿಯಲ್ಲಿ, ಆಫೀಸಿನಲ್ಲಿ ದಿನವಿಡೀ ಕೂರುವವರು ಇದನ್ನು ಇವತ್ತೇ ಮಾಡಿ ನೋಡಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು ನಾಲ್ಕು ಬೆರಳು ಎತ್ತರದ ಮಣೆ ಅಥವಾ ಗಟ್ಟಿ ದಿಂಬಿನ ಮೇಲೆ ಕೂತರೆ ಸೊಂಟ ಹಿಂದಕ್ಕೆ ಗುಂಡಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಿಲ್ಲಿ.

ಕೊಡ, ಚೀಲ ಹೊರುವಾಗ ಭಾರವನ್ನು ಎರಡು ಮಾಡಿ ಎರಡೂ ಕೈಗೆ ಹಂಚಿ. ಒಂದೇ ಕೈಯಲ್ಲಿ ಹಿಡಿಯಲೇಬೇಕಾದರೆ ಕೃತಕ ಕಾಲಿನ ಬದಿಯ ಕೈಯಲ್ಲಿ ಹಿಡಿಯಿರಿ. ಎದುರು ಬದಿಯಲ್ಲಿ ಹಿಡಿದರೆ ಸೋತ ಪೃಷ್ಠ ಎರಡರಷ್ಟು ದುಡಿಯಬೇಕಾಗುತ್ತದೆ. ಬಚ್ಚಲಿಗೆ ಕಾಲಿಲ್ಲದೆ ಹೋಗುವವರು ಗೋಡೆಗೆ ಹಿಡಿಕೆ ಹಾಕಿಸಿ, ಒಳಗೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಊರುಗೋಲು ಬಳಸಲಿ. ಊರುಗೋಲಿನ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಇರಬೇಕು, ಮೇಲಿನ ಅಂಚು ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗೆ. ಗಿಡ್ಡವಾದ ಊರುಗೋಲು ಬೆನ್ನನ್ನು ಬಗ್ಗಿಸಿಯೇ ನಡೆಸುತ್ತದೆ.

ಎರಡೂ ಕಾಲು, ಅಥವಾ ಕೈ ಕಳೆದುಕೊಂಡವರು

ಎರಡೂ ಕಾಲು ಇಲ್ಲದವರಿಗೆ ಹಂತ 2 ಎಲ್ಲಕ್ಕಿಂತ ಮುಖ್ಯ. ದಿನಕ್ಕೆ ಮೂರು ಬಾರಿ ಬೋರಲು ಮಲಗಬೇಕು, ಏಕೆಂದರೆ ಗಾಲಿಕುರ್ಚಿಯಲ್ಲಿ ಎರಡೂ ತೊಡೆ ಮಡಚಿಯೇ ಇರುತ್ತವೆ. ಸುರುಳಿಯನ್ನು ಎರಡೂ ತೊಡೆಯಡಿ ಇಟ್ಟು ಸೊಂಟ ಎತ್ತಬಹುದು. ಕುರ್ಚಿಯ ಬಟ್ಟೆಯ ಆಸನ ಜೋತುಬಿದ್ದಿದ್ದರೆ ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಕುಷನ್ ಇರಲಿ.

ಇಡೀ ತೋಳು ದೇಹದ ತೂಕದ ಸುಮಾರು ಶೇ 5ರಷ್ಟಿರುತ್ತದೆ. ಅದು ಹೋದಾಗ ಆ ಭುಜ ಮೇಲೇರಿ, ಬೆನ್ನು ಪಕ್ಕಕ್ಕೆ ವಾಲುತ್ತದೆ, ಎಲ್ಲ ಭಾರವನ್ನೂ ಒಂದೇ ಕೈ ಎತ್ತುವುದರಿಂದ ಬೆನ್ನು ತಿರುಚುತ್ತದೆ. ಇವರು ಕನ್ನಡಿಯ ಮುಂದೆ ಎರಡೂ ಭುಜ ಸಮ ಮಾಡಿ, ಹೆಗಲ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು 5 ಸೆಕೆಂಡಿನಂತೆ 10 ಬಾರಿ ಹಿಡಿಯಲಿ. ಹೊಟ್ಟೆ ಬಿಗಿ ಹಿಡಿಯುವುದು, ಸೊಂಟ ಎತ್ತುವುದು ಎಲ್ಲರಂತೆಯೇ.

ಯಾರ ಬಳಿ ಹೋಗುವುದು, ಏನು ಒಯ್ಯುವುದು

ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗ, ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರ, ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಸಾಕೆಟ್ ಹಳೆಯದಾಗಿ ಬದಲಿಸಬೇಕಿದ್ದರೆ ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಬಗ್ಗೆಯೂ ಅವರಲ್ಲೇ ವಿಚಾರಿಸಿ.

ಹೋಗುವಾಗ ಕಾಲು ಹಾಕಿಕೊಂಡೇ ಹೋಗಿ, ಒಂದು ಚೀಲದಲ್ಲಿ ಇವಿಷ್ಟಿರಲಿ: ನೀವು ಬಳಸುವ ಎಲ್ಲ ಚಪ್ಪಲಿ, ಬೂಟು, ಸ್ಟಂಪಿಗೆ ಹಾಕುವ ಎಲ್ಲ ಕಾಲುಚೀಲ, ನೋಟ್‌ಬುಕ್ಕುಗಳ ದಪ್ಪ, ಬೆರಳಿನ ಅಂತರ, ತೂಕದ ಯಂತ್ರದ ಅಂಕಿ, ನೋವಿನ ಅಂಕ ಬರೆದಿಟ್ಟ ಹಾಳೆ, ಮೊಬೈಲಿನಲ್ಲಿ ನಡಿಗೆಯ ವಿಡಿಯೊ. ಮಂಡಿ ಮತ್ತು ತೊಡೆ ಕಾಣುವಂತೆ ಸಡಿಲವಾದ ಚಡ್ಡಿ ಹಾಕಿರಬೇಕು, ಹೆಣ್ಣುಮಕ್ಕಳು ಬೇಕಿದ್ದರೆ ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದು ಮೊದಲೇ ಕೇಳಬಹುದು. ಪ್ರಾಸ್ಥೆಟಿಸ್ಟ್ ಮತ್ತು ಫಿಸಿಯೋಥೆರಪಿಸ್ಟ್ ಇಬ್ಬರೂ ಒಂದೇ ದಿನ ಇರುವ ದಿನಾಂಕವನ್ನು ಫೋನ್ ಮಾಡಿ ತಿಳಿದುಕೊಂಡು ಹೊರಡಿ. ಒಬ್ಬರು ಕಾಲಿನ ಉದ್ದ ಬದಲಿಸಿದ್ದು ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ನಡಿಗೆಯ ಪಾಠವೆಲ್ಲ ಹಳೆಯ ಅಳತೆಗೇ ನಡೆಯುತ್ತದೆ.